ಮೆಮೊರಿಯ ತಪ್ಪು ಸದ್ದು ಮಾಡುವುದಿಲ್ಲ

ಮಾನ್ಯ ಸಂಪಾದಕರೇ,

ಡೆಸ್ಕ್‌ಟಾಪ್ ಪ್ರೊಸೆಸರ್ ಓವರ್‌ಕ್ಲಾಕ್ ಮಾಡುವ, ಅಂದರೆ ಅದನ್ನು ನಿಗದಿತ ವೇಗಕ್ಕಿಂತ ಜೋರಾಗಿ ಓಡಿಸುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಕೋರ್ ವೋಲ್ಟೇಜ್, ಬಿಸಿ, ಕೂಲರ್ ಎಲ್ಲವನ್ನೂ ಚೆನ್ನಾಗಿ ವಿವರಿಸಿದ್ದಾರೆ. ಮೆಮೊರಿಗೆ ಮಾತ್ರ ‘ಎಕ್ಸ್‌ಎಂಪಿ ಆನ್ ಮಾಡಿ’ ಎಂಬ ಒಂದೇ ಸಾಲು. ತಯಾರಕರು ಹೇಳಿದ ಹೆಚ್ಚಿನ ವೇಗದಲ್ಲಿ ಮೆಮೊರಿಯನ್ನು ಓಡಿಸುವ ಸಿದ್ಧ ಸೆಟ್ಟಿಂಗ್ ಅದು. ಅಷ್ಟು ಹೇಳಿದರೆ ಸಾಲದು.

ಮೆಮೊರಿಗೆ ನಾನೂ ಅಷ್ಟನ್ನೇ ಮಾಡಿದ್ದೆ. ಡಬ್ಬಿಯ ಮೇಲೆ 3600 ಎಂಬ ವೇಗದ ಸಂಖ್ಯೆ ಇದ್ದ ನಾಲ್ಕು ಡಿಡಿಆರ್4 ಮೆಮೊರಿ ಸ್ಟಿಕ್. ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪುಟ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಿ, ಅದೇ ದಿನ ಪ್ರೊಸೆಸರ್‌ನ ಕೋರ್ ವೋಲ್ಟೇಜನ್ನೂ ಬದಲಿಸಿದೆ. ಗೇಮ್ ಓಡಿತು. ಮೂರು ವಾರ ಒಮ್ಮೆಯೂ ಹ್ಯಾಂಗ್ ಆಗಲಿಲ್ಲ. ಆಮೇಲೆ ಮಗಳ ಫೋಟೊಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ ಹಳೆಯದನ್ನು ಅಳಿಸಿದೆ. ತೆರೆದರೆ ಹಲವು ಫೋಟೊಗಳಲ್ಲಿ ಅರ್ಧದಿಂದ ಕೆಳಗೆ ಬರೀ ಬೂದು ಬಣ್ಣ. ಕಾಪಿ ಆಗುವಾಗ ಯಾವ ಎಚ್ಚರಿಕೆಯೂ ಬಂದಿರಲಿಲ್ಲ. ಅವಳ ಮೊದಲ ವರ್ಷದ ಚಿತ್ರಗಳು ಅವು.

ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ರೋಗ್ರಾಂ ರಾತ್ರಿಯಿಡೀ ಓಡಿಸಿದೆ. ತಪ್ಪುಗಳು ಸಾಲಾಗಿ ಬಂದವು. ಆದರೆ ಎರಡನ್ನೂ ಒಟ್ಟಿಗೆ ಬದಲಿಸಿದ್ದೆನಲ್ಲ, ಕಾರಣ ಯಾವುದು ಅಂತ ತಿಳಿಯಲಿಲ್ಲ. ಪ್ರೊಸೆಸರನ್ನು ಮೊದಲಿನ ಸ್ಥಿತಿಗೆ ತಂದೆ, ತಪ್ಪು ಹಾಗೇ ಇತ್ತು. ಮೆಮೊರಿಯನ್ನು 3200ಕ್ಕೆ ಇಳಿಸಿದ ಮೇಲೆ ನಿಂತಿತು.

ಡಬ್ಬಿಯ ಮೇಲಿನ ಸಂಖ್ಯೆ ಸ್ಟಿಕ್‌ಗೆ ಸಂಬಂಧಿಸಿದ್ದು. ಆ ಸ್ಟಿಕ್‌ಗಳನ್ನು ನಿಭಾಯಿಸುವ ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರ್ ಒಳಗೆ. ಅದರ ಶಕ್ತಿ ಚಿಪ್‌ನಿಂದ ಚಿಪ್‌ಗೆ ಬೇರೆ. ನಾಲ್ಕು ಸ್ಟಿಕ್ ಇದ್ದರೆ ಹೊರೆ ಇನ್ನೂ ಜಾಸ್ತಿ. ಎಕ್ಸ್‌ಎಂಪಿ ಕೂಡ ಓವರ್‌ಕ್ಲಾಕೇ. ಡಿಡಿಆರ್4ರ ಮೂಲ ವೋಲ್ಟೇಜ್ 1.2, ಎಕ್ಸ್‌ಎಂಪಿಯಲ್ಲಿ ಸಾಮಾನ್ಯವಾಗಿ 1.35. ಕಂಟ್ರೋಲರ್ ವೋಲ್ಟೇಜನ್ನು ‘ಆಟೋ’ದಲ್ಲಿ ಬಿಟ್ಟರೆ ಕೆಲವು ಮದರ್‌ಬೋರ್ಡ್‌ಗಳು ತಾವೇ ಏರಿಸುತ್ತವೆ. 2023ರಲ್ಲಿ ರೈಝೆನ್ 7000 ಸರಣಿಯ ಕೆಲವು ಪ್ರೊಸೆಸರ್‌ಗಳು ಸುಟ್ಟಾಗ, ಅವನ್ನು ತಯಾರಿಸುವ ಎಎಂಡಿ ಸಂಸ್ಥೆ ಎಸ್ಒಸಿ ವೋಲ್ಟೇಜಿಗೆ, ಅಂದರೆ ಮೆಮೊರಿ ಕಂಟ್ರೋಲರ್‌ಗೂ ಹೋಗುವ ವೋಲ್ಟೇಜಿಗೆ, 1.3 ವೋಲ್ಟ್ ಮಿತಿ ಹಾಕಿತು. ಸುಮ್ನೆ ಹಾಕಿದ್ದಲ್ಲ ಅಲ್ವಾ?

ಇಷ್ಟಕ್ಕೂ ನನಗೆ ಸಿಗಬೇಕಿದ್ದ ಲಾಭ ಎಷ್ಟು? ಕೇಳಿದ ಡೇಟಾ ಕೊಡುವ ಮೊದಲು ಮೆಮೊರಿ ಎಷ್ಟು ಕ್ಲಾಕ್ ಮಿಡಿತ ಕಾಯಿಸುತ್ತದೆ ಎಂಬ ಲೆಕ್ಕವೇ ಸಿಎಲ್. 3600ರಲ್ಲಿ ಸಿಎಲ್ 18, 3200ರಲ್ಲಿ ಸಿಎಲ್ 16. ಎರಡರಲ್ಲೂ ಆ ಕಾಯುವ ಸಮಯ 10 ನ್ಯಾನೊಸೆಕೆಂಡೇ. ಡೇಟಾ ಸಾಗುವ ವೇಗ ಒಂದಿಷ್ಟು ಹೆಚ್ಚುತ್ತಿತ್ತು, ಅಷ್ಟೇ.

ಇಂಥ ಲೇಖನ ಇನ್ನೊಮ್ಮೆ ಹಾಕುವಾಗ ಎರಡು ಮಾತು ದಯವಿಟ್ಟು ಸೇರಿಸಿ. ಮೊದಲು ಪ್ರೊಸೆಸರ್, ಅದು ಗಟ್ಟಿಯಾದ ಮೇಲೆ ಮೆಮೊರಿ. ಮೆಮೊರಿ ಪರೀಕ್ಷೆ ಒಂದೂ ತಪ್ಪಿಲ್ಲದೆ ಮುಗಿಯುವ ತನಕ ಮುಖ್ಯವಾದ ಒಂದು ಕಡತವನ್ನೂ ಆ ಕಂಪ್ಯೂಟರಿನಲ್ಲಿ ಮುಟ್ಟಬಾರದು.

ಇಂತಿ,
ನಿಮ್ಮ ಓದುಗ