ಬೋನ್ ಸ್ಕ್ಯಾನ್ ಕಪ್ಪಾದರೆಲ್ಲ ಕೀವಲ್ಲ

ಮಾನ್ಯರೆ,

ಬಸ್ ಡಿಪೊದಲ್ಲಿ 31 ವರ್ಷ ಮೆಕ್ಯಾನಿಕ್ ಆಗಿದ್ದವನು ನಾನು. ಚಕ್ರ ಸದ್ದು ಮಾಡಿತೆಂದು ಕೂಡಲೇ ಎಲ್ಲ ಬಿಚ್ಚುವುದಿಲ್ಲ. ಬೇರಿಂಗೋ ಬ್ರೇಕೋ ಎಂದು ಜಾಕ್ ಕೊಟ್ಟು, ತಿರುಗಿಸಿ ನೋಡುತ್ತೇವೆ. ನನ್ನ ಸೊಂಟದ ವಿಷಯದಲ್ಲಿ ಮಾತ್ರ ಬಿಚ್ಚುವ ದಿನವೇ ಮೊದಲು ನಿಗದಿಯಾಗಿತ್ತು.

ಎಡಗಡೆ ಕೀಲು ಬದಲಿಸಿ ಹತ್ತು ತಿಂಗಳಾಗಿತ್ತು, ಸಿಮೆಂಟ್ ಹಾಕದ ಕೀಲು. ತೊಡೆಯಲ್ಲಿ ನೋವು ಶುರುವಾಯಿತು. ಆಪರೇಷನ್ ಮಾಡಿದ ಆಸ್ಪತ್ರೆಯವರು ಆಂಟಿಬಯಾಟಿಕ್ ಕೊಟ್ಟು, ಬೋನ್ ಸ್ಕ್ಯಾನ್ ಮಾಡಿಸಿದರು. ಫಿಲ್ಮಿನಲ್ಲಿ ಕೀಲಿನ ಸುತ್ತ ಕಪ್ಪು. 'ಸೋಂಕು, ಕೀಲು ತೆಗೆಯಬೇಕು' ಎಂದರು. ತೆಗೆದು, ಔಷಧ ಬೆರೆಸಿದ ಸಿಮೆಂಟ್ ಇಟ್ಟು, ವಾರಗಟ್ಟಲೆ ಕಾದು ಆಮೇಲೆ ಹೊಸ ಕೀಲು. ಅಂದರೆ ಇನ್ನೂ ಎರಡು ಆಪರೇಷನ್.

ಮಗಳು ಹಟ ಹಿಡಿದು ಬೆಂಗಳೂರಿಗೆ ಕರೆದೊಯ್ದಳು. ಬೋನ್ ಸ್ಕ್ಯಾನಿಗೆ ಚುಚ್ಚುವ ಟೆಕ್ನೀಷಿಯಂ ಎಂಬ ವಿಕಿರಣ ಸೂಸುವ ವಸ್ತು ಹೋಗಿ ಕೂರುವುದು ಮೂಳೆ ಚುರುಕಾಗಿ ಕಟ್ಟಿಕೊಳ್ಳುವ ಜಾಗದಲ್ಲಿ ಎಂದು ಅಲ್ಲಿನ ಡಾಕ್ಟರು ಬಿಡಿಸಿ ಹೇಳಿದರು. ಹೊಸ ಕೀಲಿಗೆ ಮೂಳೆ ಒಗ್ಗುವಾಗಲೂ ಕಪ್ಪು, ಕೀಲು ಸಡಿಲಾದರೂ ಕಪ್ಪು, ಕೀವಾದರೂ ಕಪ್ಪು. ಮೊದಲ ವರ್ಷವಂತೂ ಇದು ಮಾಮೂಲು. ಏನೂ ಕಾಣದಿದ್ದರೆ ಬಹುಮಟ್ಟಿಗೆ ನಿಶ್ಚಿಂತೆ. ಕಂಡರೆ ಅಷ್ಟರಿಂದಲೇ ಏನೂ ತೀರ್ಮಾನವಾಗದು.

ಕೀಲಿನಿಂದ ಸೂಜಿಯಲ್ಲಿ ನೀರು ತೆಗೆದು, ರೋಗಾಣು ಬೆಳೆಯುತ್ತದೆಯೇ ಎಂದು ಕಲ್ಚರ್‌ಗೆ ಹಾಕಿದರು, ಏನೂ ಬೆಳೆಯಲಿಲ್ಲ. ಅದನ್ನೂ ಪೂರ್ತಿ ನಂಬುವಂತಿಲ್ಲ, ಊರಲ್ಲಿ ಆಗಲೇ ಆಂಟಿಬಯಾಟಿಕ್ ನುಂಗಿಸಿದ್ದರಲ್ಲ, ರೋಗಾಣು ಇದ್ದರೂ ಬೆಳೆಯದಿರಬಹುದು!

ಆಮೇಲೆ ಬಿಳಿ ರಕ್ತಕಣದ ಸ್ಕ್ಯಾನ್. ಬೆಳಿಗ್ಗೆ ದೊಡ್ಡ ಸಿರಿಂಜಿನಲ್ಲಿ ಸುಮಾರು 50 ಎಂಎಲ್ ರಕ್ತ ತೆಗೆದು, ಬಿಳಿಕಣ ಬೇರ್ಪಡಿಸಿ, ಅದಕ್ಕೆ ಟೆಕ್ನೀಷಿಯಂ ಸೇರಿಸಿ ನನಗೇ ವಾಪಸ್ ಚುಚ್ಚಿದರು. ಚುಚ್ಚುವ ಮುಂಚೆ ನನ್ನ ಹೆಸರನ್ನು ನನ್ನಿಂದಲೇ ಎರಡು ಸಲ ಹೇಳಿಸಿದರು. ಒಬ್ಬರ ರಕ್ತ ಇನ್ನೊಬ್ಬರಿಗೆ ಹೋದರೆ ಗತಿ ಏನು? ಅವತ್ತು ಎರಡು ಸಲ, ಮರುದಿನ ಒಂದು ಸಲ ಕ್ಯಾಮೆರಾ ಕೆಳಗೆ ಮಲಗಿದೆ. ಟೆಕ್ನೀಷಿಯಂ 6 ತಾಸಿಗೊಮ್ಮೆ ಅರ್ಧಕ್ಕರ್ಧ ಕರಗುತ್ತದಂತೆ, ಹಾಗಾಗಿ ಮರುದಿನ ಅಲುಗಾಡದೆ ಮಲಗಬೇಕಾದ ಹೊತ್ತು ಜಾಸ್ತಿ. ಕೀವಿದ್ದರೆ ಕಣಗಳು ಅಲ್ಲಿ ಹೊತ್ತು ಕಳೆದಂತೆ ಕೂಡುತ್ತವೆ. ಆದರೆ ಮೂಳೆಯ ಮಜ್ಜೆಯಲ್ಲೂ ಅವು ಸೇರುವುದರಿಂದ, ಇನ್ನೊಂದು ದಿನ ಮಜ್ಜೆಯದೇ ಸ್ಕ್ಯಾನ್ ಮಾಡಿ ತಾಳೆ ನೋಡಿದರು. ಎರಡೂ ಹೊಂದಿದವು, ಅಂದರೆ ಕಣ ಕೂಡಿದ್ದು ಮಜ್ಜೆ ಇದ್ದಲ್ಲಷ್ಟೇ. ಸೋಂಕಿಲ್ಲ. ಕೀಲು ಉಳಿಯಿತು, ನೋವೂ ಮುಕ್ಕಾಲು ಇಳಿದಿದೆ.

ನಮ್ಮ ಕಡೆ ವಿಚಾರಿಸಿದಲ್ಲೆಲ್ಲ ಬೋನ್ ಸ್ಕ್ಯಾನ್ ಇತ್ತು, ಈ ಪರೀಕ್ಷೆ ಸಿಗಲಿಲ್ಲ. ರಕ್ತಕಣ ಬೇರ್ಪಡಿಸಲು ಶುದ್ಧ ಕೋಣೆ, ತರಬೇತಾದ ಕೈ ಬೇಕು, ಒಪ್ಪುತ್ತೇನೆ. ಉತ್ತರ ಕರ್ನಾಟಕದ ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ಒಂದೆರಡು ಕಡೆಯಾದರೂ ಇದು ದಿನನಿತ್ಯ ಸಿಗುವಂತಾಗಲಿ. ಅಲ್ಲಿಯವರೆಗೆ ಬೋನ್ ಸ್ಕ್ಯಾನ್ ರಿಪೋರ್ಟಿನಲ್ಲಿ ಆಪರೇಷನ್ ಆಗಿ ಎಷ್ಟು ತಿಂಗಳಾಯಿತು ಎಂಬುದನ್ನೂ, 'ಇದೊಂದರಿಂದ ಸೋಂಕು ಎನ್ನಲಾಗದು' ಎಂಬ ಒಂದು ಸಾಲನ್ನೂ ಬರೆಯಲಿ. ಅದಕ್ಕೆ ಹೊಸ ಮೆಷಿನ್ ಏನೂ ಬೇಡವಲ್ಲ.

– ನಿವೃತ್ತ ಬಸ್ ಮೆಕ್ಯಾನಿಕ್, ಹಾವೇರಿ