ದತ್ತಿನಿಧಿಗಳು ಕರಗುತ್ತಿವೆ

ಮಾನ್ಯರೇ,

ಊರೂರಿನ ಕನ್ನಡ ಸಂಘಗಳು, ವಾಚನಾಲಯಗಳು ದತ್ತಿನಿಧಿಯ (ದಾನಿಗಳು ಕೊಟ್ಟ, ಬ್ಯಾಂಕಿನಲ್ಲಿ ಠೇವಣಿ ಇಟ್ಟ ಹಣದ) ಬಡ್ಡಿಯಲ್ಲೇ ಉಪನ್ಯಾಸ, ಬಹುಮಾನ ನಡೆಸುತ್ತವೆ. 1990ರ ದಶಕದ ನಡುವೆ ಬ್ಯಾಂಕ್ ಠೇವಣಿಗೆ ಶೇ 12ರ ಆಸುಪಾಸು ಬಡ್ಡಿ ಇತ್ತು. ಆಗ ಯಾರೋ ಹಿರಿಯರ ನೆನಪಿಗೆ ಇಟ್ಟ 10 ಸಾವಿರಕ್ಕೆ ವರ್ಷಕ್ಕೆ 1,200 ರೂಪಾಯಿ ಬರುತ್ತಿತ್ತು. ಈಗ ಬಡ್ಡಿ ಶೇ 6–7. ಅದೇ ದತ್ತಿಗೆ 600–700 ರೂಪಾಯಿ ಬಂದರೆ ಜಾಸ್ತಿ. ಭಾಷಣಕಾರರ ಬಸ್ ಚಾರ್ಜಿಗೂ ಸಾಲದು. ಅಸಲು ಹಣ ಲೆಕ್ಕದ ಪುಸ್ತಕದಲ್ಲಿ ಹಾಗೇ ಇದೆ, ಆದರೆ ಅದರ ಬೆಲೆ ಹೋಗಿದೆ. ವಾರ್ಷಿಕ ಸಭೆಯಲ್ಲಿ ಒಂದೇ ವರ್ಷದ ಜಮಾ-ಖರ್ಚು ಓದಿದರೆ ಇದು ಕಾಣುವುದಿಲ್ಲ. ಹತ್ತು ವರ್ಷದ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಸದಸ್ಯರ ಮುಂದಿಡಬೇಕು.

ತೆರಿಗೆ ವಿನಾಯಿತಿ ಪಡೆದ ಸಂಸ್ಥೆ ಆದಾಯದ ಶೇ 85ನ್ನು ತನ್ನ ಉದ್ದೇಶಕ್ಕೆ ಬಳಸಬೇಕು. ಶೇ 15ನ್ನು ಉಳಿಸಿಕೊಳ್ಳಲು ಕಾನೂನೇ ಬಿಟ್ಟಿದೆ. ಅಷ್ಟನ್ನಾದರೂ ಪ್ರತಿವರ್ಷ ಠೇವಣಿಗೆ ಸೇರಿಸುತ್ತಾ ಬಂದರೆ ನಿಧಿ ಸ್ವಲ್ಪವಾದರೂ ಉಳಿಯುತ್ತದೆ, ಅಲ್ವಾ?

ದಾನಿಗಳಲ್ಲೂ ಒಂದು ಕೋರಿಕೆ. ಕಾರ್ಯಕ್ರಮಕ್ಕೆ ಎಲ್ಲರೂ ಕೊಡುತ್ತಾರೆ. ಬಾಡಿಗೆ, ಕರೆಂಟ್ ಬಿಲ್ಲು, ಆಡಿಟ್ ಶುಲ್ಕಕ್ಕೆ ಕೊಡುವವರೇ ಇಲ್ಲ. ದಯವಿಟ್ಟು ಅದಕ್ಕೂ ಕೊಡಿ.

– ಸಣ್ಣ ಸಂಘವೊಂದರ ಖಜಾಂಚಿ, ಸಾಗರ