ಕಂಪ್ಯೂಟರ್ ಆನ್ ಆದರೂ ನಿಮ್ಮ ಪ್ರಿಂಟರ್ ಸಾಫ್ಟ್‌ವೇರ್ ತಾನಾಗಿ ಶುರುವಾಗಲ್ಲ, ಇದನ್ನು ಸರಿಮಾಡಿ

ಗ್ರಾಹಕ ಸೇವಾ ವಿಭಾಗದವರಿಗೆ ನಮಸ್ಕಾರ.

ನಿಮ್ಮ ಕಂಪನಿಯ ಸಣ್ಣ ಲೇಸರ್ ಪ್ರಿಂಟರ್ ನಮ್ಮ ಅಂಗಡಿಯಲ್ಲಿದೆ. ಪ್ರಿಂಟರ್ ಬಗ್ಗೆ ತಕರಾರಿಲ್ಲ. ಹಾಳೆ ಸಿಕ್ಕಿಕೊಳ್ಳುವುದು ಕಮ್ಮಿ, ಅಕ್ಷರ ಚೆನ್ನಾಗಿ ಬರುತ್ತದೆ. ದೂರು ಇರುವುದು ಅದಕ್ಕೆ ನೀವು ಕೊಡುವ ಲಿನಕ್ಸ್ (ವಿಂಡೋಸ್ ತರಹದ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಸಾಫ್ಟ್‌ವೇರ್ ಬಗ್ಗೆ. ಕಂಪ್ಯೂಟರ್ ಆನ್ ಮಾಡಿದಾಗ ಅದು ತಾನಾಗಿ ಶುರುವಾಗುವುದಿಲ್ಲ. ಪ್ರತಿ ಸಲ ಟರ್ಮಿನಲ್ (ಆದೇಶ ಟೈಪ್ ಮಾಡುವ ಕಿಟಕಿ) ತೆರೆದು, ಅಡ್ಮಿನ್ ಅಧಿಕಾರ ಪಡೆಯಲು ಸುಡೋ ಅಂತ ಟೈಪ್ ಮಾಡಿ, ಪಾಸ್‌ವರ್ಡ್ ಕೊಟ್ಟು ನಾವೇ ಶುರು ಮಾಡಬೇಕು.

ನಮ್ಮದು ತಾಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿ. ಪಹಣಿ, ಜಾತಿ ಆದಾಯ ಪ್ರಮಾಣಪತ್ರ, ಆಧಾರ್ ಅಂತ ಜನ ಬರುತ್ತಲೇ ಇರುತ್ತಾರೆ. ಕರೆಂಟ್ ಹೋಗಿ ಬಂದಾಗಲೆಲ್ಲ ಕಂಪ್ಯೂಟರ್ ಮತ್ತೆ ಆನ್ ಆಗುತ್ತಿತ್ತು, ಪ್ರಿಂಟರಿನ ದೀಪವೂ ಹತ್ತುತ್ತಿತ್ತು, ಆದರೆ ಪ್ರಿಂಟ್ ಕೊಟ್ಟರೆ ಹಾಳೆ ಮಾತ್ರ ಬರುತ್ತಿರಲಿಲ್ಲ. ಪ್ರಿಂಟ್ ಕ್ಯೂನಲ್ಲಿ ಬರೀ 'ಪ್ರೊಸೆಸಿಂಗ್' ಅಂತ ತೋರಿಸುತ್ತಿತ್ತು. ಏನು ತಪ್ಪಾಗಿದೆ ಅಂತ ಒಂದು ಸೂಚನೆಯೂ ಇಲ್ಲ. ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗಿ ಮತ್ತೆ ಮತ್ತೆ ಪ್ರಿಂಟ್ ಒತ್ತುವಳು, ಕಾದು ಸಾಕಾದ ಗಿರಾಕಿ ಪಕ್ಕದ ಅಂಗಡಿಗೆ ಹೋಗುವರು, ಆಮೇಲೆ ನಾನು ಬಂದು ನಿಮ್ಮ ಪ್ರೋಗ್ರಾಮ್ ಶುರು ಮಾಡಿದ ತಕ್ಷಣ ಕ್ಯೂನಲ್ಲಿದ್ದದ್ದೆಲ್ಲ ಒಂದೇ ಸಮನೆ ಹೊರಗೆ ಬರುತ್ತಿತ್ತು. ಯಾರದೋ ಆಧಾರ್, ಯಾರದೋ ಬ್ಯಾಂಕ್ ಪಾಸ್‌ಬುಕ್. ಎದುರಿಗೆ ನಿಂತಿರುವವರು ಬೇರೆಯವರು. ಹಾಳೆ, ಟೋನರ್ ದಂಡ ಆಗುವುದು ಇರಲಿ, ನಮ್ಮನ್ನು ನಂಬಿ ಕೊಟ್ಟ ಕಾಗದ ಇನ್ನೊಬ್ಬರ ಕಣ್ಣಿಗೆ ಬೀಳುವುದು ನನಗೆ ಜಾಸ್ತಿ ಸಂಕಟ. ಇದನ್ನು ತಪ್ಪಿಸಬೇಕಾದರೆ ಆ ಹುಡುಗಿಗೆ ಅಡ್ಮಿನ್ ಪಾಸ್‌ವರ್ಡ್ ಕೊಡಬೇಕು. ಒಂದು ಪಹಣಿ ಪ್ರಿಂಟ್ ತೆಗೆಯಲು ಇಡೀ ಕಂಪ್ಯೂಟರನ್ನೇ ಒಪ್ಪಿಸಬೇಕಾ?

ಸಹಾಯವಾಣಿಯವರು ಇದು ಲಿನಕ್ಸಿನ ತೊಂದರೆ ಅಂದರು. ಅಲ್ಲವೇ ಅಲ್ಲ. ಲಿನಕ್ಸಿನಲ್ಲಿ ಪ್ರಿಂಟ್ ಕೆಲಸ ನೋಡಿಕೊಳ್ಳುವುದು ಕಪ್ಸ್. ಅದು 1999ರಿಂದ ಇದೆ, ಆಪಲ್‌ನ ಮ್ಯಾಕ್ ಕೂಡ ಅದನ್ನೇ ಬಳಸುತ್ತದೆ. ನಮ್ಮ ಕಂಪ್ಯೂಟರಿನಲ್ಲಿ ಕಪ್ಸ್ ಪ್ರತಿ ಸಲ ತಾನಾಗಿಯೇ ಶುರುವಾಗುತ್ತದೆ, ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ 631 ಅಂತ ಹಾಕಿದರೆ ಅದರ ಪುಟ ತೆರೆಯುತ್ತದೆ. ಶುರುವಾಗದೆ ಇರುವುದು ಅದರ ಜೊತೆಗೆ ನೀವು ಸೇರಿಸಿರುವ ಪ್ರೋಗ್ರಾಮ್. ಕಪ್ಸ್ ಕೊಟ್ಟ ಪುಟವನ್ನು ಯುಎಸ್‌ಬಿ ಮೂಲಕ ಪ್ರಿಂಟರಿಗೆ ಮುಟ್ಟಿಸುವುದು ಅದೇ ಅಲ್ವಾ, ಅದು ನಡೆಯದಿದ್ದರೆ ಎಲ್ಲ ಅಲ್ಲೇ ನಿಂತುಬಿಡುತ್ತದೆ.

ಬೂಟ್ ಆಗುವಾಗಲೇ ಶುರುವಾಗಲಿ ಅಂತ ಅದನ್ನು ಎನೇಬಲ್ ಮಾಡಲು ಹೋದರೆ 'ಡಿಫಾಲ್ಟ್-ಸ್ಟಾರ್ಟ್ ಕಂಟೇನ್ಸ್ ನೋ ರನ್‌ಲೆವೆಲ್ಸ್, ಅಬಾರ್ಟಿಂಗ್' ಅಂತ ಬರುತ್ತದೆ, ಅಂದರೆ ಯಾವ ರನ್‌ಲೆವೆಲ್‌ನಲ್ಲಿ (ಕಂಪ್ಯೂಟರ್ ಓಡುವ ಸ್ಥಿತಿಯಲ್ಲಿ) ಶುರುವಾಗಬೇಕು ಅಂತ ಹೇಳಿಲ್ಲ, ಅದಕ್ಕೆ ಕೈಬಿಟ್ಟಿದೆ ಅಂತ. ಪ್ರೋಗ್ರಾಮ್ ಶುರು ಮಾಡುವ ಸ್ಕ್ರಿಪ್ಟುಗಳಿರುವ ಇನಿಟ್.ಡಿ ಫೋಲ್ಡರಿಗೆ ನೀವು ಹಾಕುವ ಸ್ಕ್ರಿಪ್ಟ್ ತೆರೆದು ನೋಡಿದೆ. ಯಾವ ರನ್‌ಲೆವೆಲ್‌ನಲ್ಲಿ ಶುರುವಾಗಬೇಕು, ಯಾವುದಾದ ಮೇಲೆ ಶುರುವಾಗಬೇಕು ಅಂತ ಹೇಳುವ ಸಾಲುಗಳು ಮೇಲ್ಗಡೆ ಇರಬೇಕಿತ್ತು. ಒಂದೂ ಇಲ್ಲ. ಇನ್ನೂ ದೊಡ್ಡ ವಿಷಯ ಅಂದರೆ ಲಿನಕ್ಸಿನ ಆವೃತ್ತಿಗಳಾದ ಡೆಬಿಯನ್ 8, ಉಬುಂಟು 15.04 ಎರಡೂ 2015ರಲ್ಲೇ ಸಿಸ್ಟಮ್‌ಡಿಗೆ (ಬೂಟ್ ಆಗುವಾಗ ಪ್ರೋಗ್ರಾಮುಗಳನ್ನು ಶುರು ಮಾಡುವ ಹೊಸ ವ್ಯವಸ್ಥೆಗೆ) ಬದಲಾಗಿವೆ, ನೀವು ಇವತ್ತಿಗೂ ಅದಕ್ಕೆ ಬೇಕಾದ ಸರ್ವಿಸ್ ಫೈಲ್ ಕೊಡುತ್ತಿಲ್ಲ. ಅದೇನು ದೊಡ್ಡ ಕೆಲಸವಲ್ಲ. ಕಪ್ಸ್ ಆದ ಮೇಲೆ ಶುರುವಾಗಬೇಕು, ನಿಂತುಹೋದರೆ ಮತ್ತೆ ಶುರುವಾಗಬೇಕು, ಇಷ್ಟನ್ನು ಕೆಲವೇ ಸಾಲಿನಲ್ಲಿ ಬರೆಯಬಹುದು.

ಸಹಾಯವಾಣಿಯಲ್ಲಿ ಸಿಕ್ಕ ಪರಿಹಾರ, ಬೂಟ್ ಆಗುವಾಗ ಓಡಬೇಕಾದ ಆದೇಶ ಬರೆಯುವ ಆರ್‌ಸಿ.ಲೋಕಲ್ ಫೈಲಿನಲ್ಲಿ ಒಂದು ಸಾಲು ಸೇರಿಸಿ ಅಂತ. ಈಗಿನ ಉಬುಂಟುವಿನಲ್ಲಿ ಆ ಫೈಲೇ ಇರುವುದಿಲ್ಲ. ನಾವೇ ಮಾಡಿಕೊಂಡರೂ ಅದು ಓಡುವುದು ಬೂಟ್ ಆಗುವಾಗ ಒಂದೇ ಸಲ, ಆಗ ಪ್ರಿಂಟರ್ ಆಫ್ ಇದ್ದರೆ ನಿಮ್ಮ ಪ್ರೋಗ್ರಾಮಿಗೆ ಯುಎಸ್‌ಬಿಯಲ್ಲಿ ಏನೂ ಕಾಣದೆ ನಿಂತುಹೋಗುತ್ತದೆ, ಆಮೇಲೆ ಪ್ರಿಂಟರ್ ಆನ್ ಮಾಡಿ ಏನು ಪ್ರಯೋಜನ? ಪ್ರಿಂಟರ್ ಆನ್ ಆದ ಕೂಡಲೇ ಸರ್ವಿಸನ್ನು ಶುರು ಮಾಡುವ ಯುಡೆವ್ (ಸಾಧನ ಸಿಕ್ಕಿಸಿದ್ದು, ಆನ್ ಆಗಿದ್ದು ಗುರುತಿಸುವ ಲಿನಕ್ಸ್ ಭಾಗ) ನಿಯಮವೂ ಇರಬೇಕು. ಇನ್ನೊಬ್ಬರು ವಿಂಡೋಸ್ ಹಾಕಿಕೊಳ್ಳಿ ಅಂದರು. ಡಬ್ಬದ ಮೇಲೆ ಲಿನಕ್ಸ್ ಅಂತ ಅಚ್ಚು ಹಾಕಿರುವುದು ನೀವೇ ಅಲ್ವಾ? ಅದನ್ನು ನೋಡಿಯೇ ನಾನು ದುಡ್ಡು ಕೊಟ್ಟಿದ್ದು.

ಕೊನೆಗೆ ಸರ್ವಿಸ್ ಫೈಲ್, ಯುಡೆವ್ ನಿಯಮ ಎರಡನ್ನೂ ನಾನೇ ಬರೆದು ಹಾಕಿದೆ. ಈಗ ಕರೆಂಟ್ ಹೋಗಿ ಬಂದರೂ ಪ್ರಿಂಟರ್ ತಾನಾಗಿ ಸಿದ್ಧವಾಗುತ್ತದೆ, ಪಾಸ್‌ವರ್ಡ್ ಬೇಕಿಲ್ಲ. ಹಾಗಿದ್ದರೂ ದೂರು ಕೊಡುತ್ತಿರುವುದು ಯಾಕೆ ಅಂದರೆ, ಎಲ್ಲರೂ ಇದನ್ನು ಬರೆದುಕೊಳ್ಳಲು ಆಗುವುದಿಲ್ಲ. ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಂಡು ಮಕ್ಕಳಿಗೆ ಪ್ರಶ್ನೆಪತ್ರಿಕೆ ತೆಗೆಯುವ ಮೇಷ್ಟ್ರು ಸುಮ್ನೆ ಪ್ರಿಂಟರ್ ಕೆಟ್ಟಿದೆ ಅಂದುಕೊಂಡು ಮೂಲೆಗೆ ಇಡುತ್ತಾರೆ.

ಆ ಎರಡು ಫೈಲು, ಎರರ್ ಬಂದ ಲಾಗ್, ಬಿಲ್ಲಿನ ಪ್ರತಿ ಲಗತ್ತಿಸಿದ್ದೇನೆ. ಫೈಲುಗಳನ್ನು ಪರೀಕ್ಷೆ ಮಾಡಿ ನಿಮ್ಮ ಪ್ಯಾಕೇಜಿಗೆ ಸೇರಿಸಿಕೊಳ್ಳಿ, ನನಗೆ ಅದಕ್ಕೆ ಏನೂ ಕೊಡಬೇಕಾಗಿಲ್ಲ. ಸರಿಮಾಡಿದ ಪ್ಯಾಕೇಜನ್ನು ಡೌನ್‌ಲೋಡ್ ಪುಟದಲ್ಲಿ ಹಾಕಿ, ಸಹಾಯವಾಣಿಯವರಿಗೂ ತಿಳಿಸಿ. ಅದು ಆಗುವುದಿಲ್ಲ ಅಂದರೆ ಡಬ್ಬದ ಮೇಲಿನ ಲಿನಕ್ಸ್ ಅನ್ನುವ ಹೆಸರು ತೆಗೆಯಿರಿ. 30 ದಿನದೊಳಗೆ ಬರಹದಲ್ಲಿ ಉತ್ತರ ಬೇಕು. ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಇದೇ ದಾಖಲೆಗಳ ಸಮೇತ ದೂರು ಕೊಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕ